ಒಂಬತ್ತನೇ ಕ್ಲಾಸಿನ ‘ಎಫ್’: ಶಿಕಾಗೊ ಸರ್ಕಾರಿ ಶಾಲೆಗಳ ಒಂದು ಪ್ರಕರಣ ಅಧ್ಯಯನ

2000ದ ಆಸುಪಾಸಿನಲ್ಲಿ ಶಿಕಾಗೊ ನಗರದ ಸರ್ಕಾರಿ ಹೈಸ್ಕೂಲು ಸೇರಿದ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ಮಾತ್ರ ಅದನ್ನು ಮುಗಿಸುತ್ತಿದ್ದರು. ಈಗ ಹತ್ತರಲ್ಲಿ ಎಂಟು ಮಂದಿಗಿಂತ ಜಾಸ್ತಿ ಮುಗಿಸುತ್ತಾರೆ. ಹೆಚ್ಚಿನ ಮಕ್ಕಳು ಈಗಲೂ ಬಡವರ ಮನೆಯವರೇ. ಶಾಲಾ ಆಡಳಿತದ ಖಜಾನೆಯಲ್ಲಿ ದುಡ್ಡಿಲ್ಲ ಅನ್ನುವ ಗೋಳು ಆಗಲೂ ಇತ್ತು, ಈಗಲೂ ಇದೆ. ಹಾಗಾದರೆ ಬದಲಾಗಿದ್ದೇನು?

ಇಷ್ಟು ದೊಡ್ಡ ಬದಲಾವಣೆಗೆ ಕಾರಣ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾರಣಗಳು ಹಲವು ಇವೆ, ಕೆಲವನ್ನು ಮುಂದೆ ಹೇಳುತ್ತೇನೆ. ಆದರೆ ಅವುಗಳ ನಡುವೆ ಒಂದು ಸಣ್ಣ ಲೆಕ್ಕ ಇದೆ. ಟೀಚರ್‌ಗಳ ಕೈಗೆ ಸಿಕ್ಕಾಗ ಅದು ಮಕ್ಕಳನ್ನು ಉಳಿಸಿತು. ಶಾಲೆಗಳಿಗೆ ಮಾರ್ಕ್ಸ್ ಹಾಕುವ ಕೋಲಾದಾಗ ಅಂಥ ಲೆಕ್ಕಗಳೇ ಸುಳ್ಳು ಹೇಳಲು ಶುರುಮಾಡಿದವು. ಈ ಪ್ರಕರಣವನ್ನು ನಾನು ಆ ದಾರಿಯಲ್ಲೇ ಓದುತ್ತೇನೆ.

ಹಿನ್ನೆಲೆ, ಚುಟುಕಾಗಿ

ಅಮೆರಿಕದಲ್ಲಿ ಶಾಲೆಗಳನ್ನು ನಡೆಸುವುದು ಸ್ಥಳೀಯ ‘ಸ್ಕೂಲ್ ಡಿಸ್ಟ್ರಿಕ್ಟ್’ಗಳು. ಟೀಚರ್ ನೇಮಕ, ಬಜೆಟ್, ಶಾಲೆ ತೆರೆಯುವುದು, ಮುಚ್ಚುವುದು ಎಲ್ಲ ಅವುಗಳದ್ದೇ. ಶಿಕಾಗೊ ಪಬ್ಲಿಕ್ ಸ್ಕೂಲ್ಸ್ ಅಂಥದ್ದೊಂದು ಡಿಸ್ಟ್ರಿಕ್ಟ್. 2000ದ ದಶಕದ ಮಧ್ಯದಲ್ಲಿ ಅಲ್ಲಿ 4 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು, 600ಕ್ಕೂ ಹೆಚ್ಚು ಶಾಲೆಗಳಿದ್ದವು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಬಿಟ್ಟರೆ ಆಗ ದೇಶದಲ್ಲೇ ದೊಡ್ಡದು.

ಹೆಸರೂ ಅಷ್ಟೇ ಕೆಟ್ಟಿತ್ತು. 1987ರಲ್ಲಿ ಅಮೆರಿಕದ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್, ಶಿಕಾಗೊ ಶಾಲೆಗಳು ದೇಶದಲ್ಲೇ ಅತ್ಯಂತ ಕಳಪೆ ಎಂದು ಬಹಿರಂಗವಾಗಿಯೇ ಅಂದಿದ್ದರು. ಮರುವರ್ಷ ಬಂದ ಕಾನೂನು ಪ್ರತಿ ಶಾಲೆಗೂ ಪೋಷಕರು, ಊರಿನವರು, ಟೀಚರ್‌ಗಳಿರುವ ಸ್ಥಳೀಯ ಮಂಡಳಿ ಕೊಟ್ಟಿತು. 1995ರಲ್ಲಿ ಚಕ್ರ ಉಲ್ಟಾ ತಿರುಗಿ ಇಡೀ ಡಿಸ್ಟ್ರಿಕ್ಟ್ ಮೇಯರ್ ಕೈಗೆ ಬಂತು. ಮುಖ್ಯಸ್ಥರಾಗಿ ಪಾಲ್ ವ್ಯಾಲಸ್ ಬಂದರು, 2001ರಲ್ಲಿ ಆರ್ನ್ ಡಂಕನ್ ಬಂದರು. ಆಮೇಲೆ ಮುಖ್ಯಸ್ಥರು ಎಷ್ಟು ಬೇಗ ಬೇಗ ಬದಲಾದರೆಂದರೆ, ಎಷ್ಟೋ ಟೀಚರ್‌ಗಳು ಮೇಲಿನವರ ಹೆಸರು ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟಿರಬೇಕು.

ಇನ್ನೊಂದು ಸಂಗತಿ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಥರ ಕೊನೆಯಲ್ಲಿ ಒಂದು ದೊಡ್ಡ ಪರೀಕ್ಷೆ ಬರೆದು ಪಾಸಾಗುವ ಪದ್ಧತಿ ಅಲ್ಲಿಲ್ಲ. ಹೈಸ್ಕೂಲು ಅಂದರೆ 9ರಿಂದ 12ನೇ ತರಗತಿ, ನಾಲ್ಕು ವರ್ಷ. ಪ್ರತಿ ಸೆಮಿಸ್ಟರಿನಲ್ಲಿ ಪ್ರತಿ ವಿಷಯಕ್ಕೂ ಆ ಕ್ಲಾಸಿನ ಟೀಚರೇ ಗ್ರೇಡ್ ಕೊಡುತ್ತಾರೆ. ಎ, ಬಿ, ಸಿ, ಡಿ ಬಂದರೆ ಪಾಸು, ಕ್ರೆಡಿಟ್ ಸಿಗುತ್ತದೆ. ಎಫ್ ಬಂದರೆ ಫೇಲು, ಕ್ರೆಡಿಟ್ ಇಲ್ಲ. ಶಿಕಾಗೊದಲ್ಲಿ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ, ಸಿಗಬೇಕಾದರೆ 24 ಕ್ರೆಡಿಟ್ ಆಗಬೇಕು. ಮೊದಲ ವರ್ಷ ನಾಲ್ಕೈದು ಎಫ್ ಬಿತ್ತು ಅಂದರೆ ಲೆಕ್ಕ ಆಗಲೇ ಹಿಂದೆ ಬಿತ್ತು. ಬಿಟ್ಟ ವಿಷಯವನ್ನು ಬೇಸಿಗೆಯಲ್ಲೋ ಸಂಜೆಯಲ್ಲೋ ಓದಿ ಮುಗಿಸಬೇಕು, ಜೊತೆಗೆ ಹೊಸ ವರ್ಷದ ಪಾಠವೂ ಇರುತ್ತದೆ. ಹದಿನೈದು ವರ್ಷದ ಹುಡುಗನೊಬ್ಬ “ಇದೆಲ್ಲ ಆಗೋ ಕೆಲಸ ಅಲ್ಲ” ಅಂತ ಕೈಚೆಲ್ಲಲು ಇಷ್ಟು ಸಾಕು.

ಎರಡೇ ಷರತ್ತು

ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1990ರಿಂದ ಒಂದು ಸಂಶೋಧನಾ ಗುಂಪು ಇದೆ. ಅದನ್ನು ಕನ್ಸೋರ್ಟಿಯಂ ಅಂತ ಕರೆಯುತ್ತಾರೆ. ಅದು ಬರೀ ಈ ಒಂದು ಡಿಸ್ಟ್ರಿಕ್ಟನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದೆ. ಅಲ್ಲಿನ ಮೆಲಿಸ್ಸಾ ರಾಡೆರಿಕ್, ಜಾನ್ ಈಸ್ಟನ್, ಎಲೇನ್ ಅಲೆನ್ಸ್‌ವರ್ತ್ ಇವರ ಕೆಲಸದಿಂದ ‘ಆನ್ ಟ್ರ್ಯಾಕ್’ ಅನ್ನುವ ಲೆಕ್ಕ ರೂಪುಗೊಂಡಿತು. ಷರತ್ತು ಎರಡೇ. 9ನೇ ತರಗತಿ ಮುಗಿಯುವಾಗ ಮಗು ಕನಿಷ್ಠ 5 ಕ್ರೆಡಿಟ್ ಗಳಿಸಿರಬೇಕು. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಈ ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರ್ ಎಫ್‌ಗಿಂತ ಹೆಚ್ಚು ಇರಬಾರದು. ಎರಡೂ ಇದ್ದರೆ ಆನ್ ಟ್ರ್ಯಾಕ್, ಇಲ್ಲದಿದ್ದರೆ ಆಫ್ ಟ್ರ್ಯಾಕ್.

ಸುಮ್ನೆ ನೋಡಿದರೆ ಇದರಲ್ಲೇನಿದೆ ಅನಿಸುತ್ತದೆ. ಫೇಲಾದ ಮಗು ಮುಂದೆಯೂ ಕಷ್ಟಪಡುತ್ತದೆ ಅಂತ ಯಾರಿಗೆ ಗೊತ್ತಿಲ್ಲ, ಅಲ್ವಾ? ಆದರೆ 2005ರಲ್ಲಿ ಬಂದ ವರದಿಯ ಅಂಕಿಗಳು ಬೇರೆ ಕಥೆ ಹೇಳಿದವು. 1999ರಲ್ಲಿ ಹೈಸ್ಕೂಲು ಸೇರಿದ ಮಕ್ಕಳಲ್ಲಿ ಆನ್ ಟ್ರ್ಯಾಕ್ ಇದ್ದವರ ಪೈಕಿ ಶೇ 81ರಷ್ಟು ಮಂದಿ ನಾಲ್ಕು ವರ್ಷದಲ್ಲಿ ಪಾಸಾಗಿದ್ದರು. ಆಫ್ ಟ್ರ್ಯಾಕ್ ಆದವರಲ್ಲಿ ಶೇ 22 ಮಾತ್ರ. 8ನೇ ತರಗತಿಯ ಪರೀಕ್ಷೆಯಲ್ಲಿ ಕೆಳಗಿನ ಕಾಲುಭಾಗದಲ್ಲಿದ್ದ ಮಗು 9ನೇ ತರಗತಿಯಲ್ಲಿ ಆನ್ ಟ್ರ್ಯಾಕ್ ಆಗಿದ್ದರೆ ಪಾಸಾಗುವ ಪ್ರಮಾಣ ಶೇ 68. ಅದೇ ಪರೀಕ್ಷೆಯಲ್ಲಿ ಮೇಲಿನ ಕಾಲುಭಾಗದಲ್ಲಿದ್ದ ಜಾಣ ಮಗು ಆಫ್ ಟ್ರ್ಯಾಕ್ ಆಗಿದ್ದರೆ ಶೇ 37.

ಈ ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿ. ದಡ್ಡ ಅನ್ನಿಸಿಕೊಂಡವನು ಮುಗಿಸುತ್ತಿದ್ದಾನೆ, ಬುದ್ಧಿವಂತ ಅನ್ನಿಸಿಕೊಂಡವನು ಬಿಟ್ಟು ಹೋಗುತ್ತಿದ್ದಾನೆ. ಅಲ್ಲಿಯವರೆಗೆ ಶಾಲೆಗಳಲ್ಲಿ ನಡೆಯುತ್ತಿದ್ದ ಮಾತು ಬೇರೆ ಇತ್ತು. ಮಕ್ಕಳು ಬರುವಾಗಲೇ ಹಿಂದುಳಿದಿರುತ್ತಾರೆ, ಮನೆಯಲ್ಲಿ ಬಡತನ, ಬೀದಿಯಲ್ಲಿ ಗ್ಯಾಂಗು, ನಾವೇನು ಮಾಡೋಕಾಗುತ್ತೆ ಅಂತ. ಬಡತನವೂ ಗ್ಯಾಂಗೂ ಸುಳ್ಳಲ್ಲ. ಆದರೆ ಮಗು ಡಿಪ್ಲೊಮಾ ಪಡೆಯುತ್ತದೋ ಇಲ್ಲವೋ ಅನ್ನುವುದನ್ನು ಅವೆಲ್ಲಕ್ಕಿಂತ ಚೆನ್ನಾಗಿ ಹೇಳುತ್ತಿದ್ದದ್ದು ಶಾಲೆಯೊಳಗೆ, ಮೊದಲ ಒಂಬತ್ತು ಹತ್ತು ತಿಂಗಳಲ್ಲಿ ನಡೆಯುವ ಸಂಗತಿ. ಅಂದರೆ ಟೀಚರ್‌ಗಳ ಕಣ್ಣೆದುರಿಗೇ.

ಎಫ್ ಹೇಗೆ ಬೀಳುತ್ತದೆ

2007ರ ಇನ್ನೊಂದು ವರದಿ ಹಾಜರಿಯ ಕಡೆ ನೋಡಿತು. ಒಂದು ಸೆಮಿಸ್ಟರಿಗೆ ಐದು ದಿನಕ್ಕಿಂತ ಕಡಿಮೆ ಗೈರಾದ ಮಕ್ಕಳಲ್ಲಿ ಶೇ 87 ಮಂದಿ ಹೈಸ್ಕೂಲು ಮುಗಿಸಿದ್ದರು. ಐದರಿಂದ ಒಂಬತ್ತು ದಿನ ತಪ್ಪಿಸಿದವರಲ್ಲಿ ಅದು ಶೇ 63ಕ್ಕೆ ಇಳಿದಿತ್ತು. ನಾಲ್ಕೈದು ತಿಂಗಳಲ್ಲಿ ಒಂದು ವಾರ ಅಂದರೆ ಏನು ಮಹಾ? ಜ್ವರ ಬಂದರೆ ಅಷ್ಟು ಹೋಗುತ್ತದೆ. ಆದರೂ ವ್ಯತ್ಯಾಸ ಅಷ್ಟಿತ್ತು. ಒಳ್ಳೆಯ ಅಂಕ ತಂದು ಹೈಸ್ಕೂಲು ಸೇರಿ ಸೆಮಿಸ್ಟರಿಗೆ ಎರಡು ವಾರ ತಪ್ಪಿಸಿಕೊಂಡವರು, ಕಡಿಮೆ ಅಂಕ ತಂದು ಒಂದೇ ವಾರ ತಪ್ಪಿಸಿಕೊಂಡವರಿಗಿಂತ ಹೆಚ್ಚು ವಿಷಯಗಳಲ್ಲಿ ಫೇಲಾಗುತ್ತಿದ್ದರು.

8ರಿಂದ 9ಕ್ಕೆ ಬರುವಾಗ ಏನಾಗುತ್ತದೆ ಅನ್ನುವುದನ್ನೂ ಇದೇ ಗುಂಪು ಆಮೇಲೆ ಹುಡುಕಿತು. ಕಾರಣ ಹೇಳದೆ ತಪ್ಪಿಸಿಕೊಳ್ಳುವ ಕ್ಲಾಸುಗಳು ಸುಮಾರು ನಾಲ್ಕು ಪಟ್ಟು ಏರುತ್ತವೆ. ಶಿಕಾಗೊದಲ್ಲಿ 8ನೇ ತರಗತಿಯವರೆಗೆ ಮಗು ಹೆಚ್ಚಾಗಿ ಒಂದೇ ಶಾಲೆಯಲ್ಲಿರುತ್ತದೆ. ಅಲ್ಲಿ ಎಲ್ಲರಿಗೂ ಅದರ ಪರಿಚಯ ಇರುತ್ತದೆ. ಹೋಂವರ್ಕ್ ತರದಿದ್ದರೆ ಟೀಚರ್ ಬೆನ್ನು ಹತ್ತುತ್ತಾರೆ. ಹೈಸ್ಕೂಲಿನಲ್ಲಿ ಏಳೆಂಟು ಟೀಚರ್‌ಗಳು, ಗಂಟೆ ಹೊಡೆದ ಹಾಗೆ ಕೋಣೆ ಬದಲು. ‘ಇನ್ನು ನೀನು ದೊಡ್ಡವನು, ನಿನ್ನ ಜವಾಬ್ದಾರಿ ನಿನ್ನದು’ ಅನ್ನುವ ಧೋರಣೆ. ಸ್ವಾತಂತ್ರ್ಯ ಸಿಗುತ್ತದೆ, ಅದನ್ನು ಹೇಗೆ ಬಳಸಬೇಕು ಅಂತ ಯಾರೂ ಕಲಿಸಿರುವುದಿಲ್ಲ.

ಈಗ ಒಂದು ಗ್ರೇಡ್ ಪುಸ್ತಕವನ್ನು ಹತ್ತಿರದಿಂದ ನೋಡೋಣ. ಇದು ಉದಾಹರಣೆಗಾಗಿ ಮಾಡಿಕೊಂಡ ಲೆಕ್ಕ. ಒಬ್ಬ ಹುಡುಗನಿಗೆ ಬೀಜಗಣಿತದಲ್ಲಿ ಐದು ಅಸೈನ್‌ಮೆಂಟ್. ಮೂರಕ್ಕೆ 80, 75, 85 ಬಂದಿದೆ. ಪಾಠ ಅವನಿಗೆ ತಿಳಿದಿದೆ ಅಂತಲೇ ಅರ್ಥ. ಎರಡನ್ನು ಕೊಟ್ಟೇ ಇಲ್ಲ, ಅವುಗಳ ಜಾಗದಲ್ಲಿ ಸೊನ್ನೆ. ಸರಾಸರಿ 48. ಅಲ್ಲಿ ಮಾಮೂಲಾಗಿ 60ಕ್ಕಿಂತ ಕಡಿಮೆ ಅಂದರೆ ಎಫ್. ಆ ಎರಡನ್ನು ತಡವಾಗಿಯಾದರೂ ಕೊಟ್ಟು ತಲಾ 60 ಬಂದಿದ್ದರೆ ಸರಾಸರಿ 72, ಅಂದರೆ ಸಿ. ಒಂದು ಕಡೆ ಫೇಲು, ಇನ್ನೊಂದು ಕಡೆ ನಿರಾಳವಾಗಿ ಪಾಸು, ನಡುವೆ ಎರಡು ಹಾಳೆ.

ಇಲ್ಲೇ ಟೀಚರ್‌ಗಳ ನಡುವೆ ಜಗಳ ಶುರುವಾಗುವುದು. ಕೊಡದಿದ್ದವನಿಗೆ ಸೊನ್ನೆ ಹಾಕದೆ ಇನ್ನೇನು ಹಾಕಬೇಕು? ಸೊನ್ನೆ ಹಾಕದಿದ್ದರೆ ಶಿಸ್ತು ಹೇಗೆ ಬರುತ್ತದೆ? ಈ ಮಾತಿನಲ್ಲೂ ನ್ಯಾಯ ಇದೆ. ಆದರೆ ಆ ಎಫ್ ಏನನ್ನು ಅಳೆಯುತ್ತಿದೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಹುಡುಗನಿಗೆ ಬೀಜಗಣಿತ ಬರುವುದಿಲ್ಲ ಅಂತಲೋ, ಅವನ ಚೀಲದಲ್ಲಿ ಹಾಳೆಗಳು ಅಸ್ತವ್ಯಸ್ತ ಅಂತಲೋ? ಪಾಠ ಹೇಳುವ ಗುಣಮಟ್ಟದ ಚರ್ಚೆ ಈ ಪ್ರಶ್ನೆಯಿಂದಲೇ ಒಳಗೆ ಬಂತು ಅಂತ ನನ್ನ ಅನಿಸಿಕೆ.

ಪಟ್ಟಿ ಟೀಚರ್ ಕೈಗೆ ಬಂದಾಗ

2003ರಲ್ಲೇ ಡಿಸ್ಟ್ರಿಕ್ಟ್ ಈ ಲೆಕ್ಕವನ್ನು ಶಾಲೆಗಳ ಮೌಲ್ಯಮಾಪನದಲ್ಲಿ ಸೇರಿಸಿತ್ತು. ಅದರಿಂದ ಹೆಚ್ಚೇನೂ ಆಗಲಿಲ್ಲ. ಕಾರಣ ಸರಳ. ವರ್ಷ ಮುಗಿದ ಮೇಲೆ ಪ್ರಿನ್ಸಿಪಾಲರಿಗೆ ಒಂದು ಶೇಕಡಾವಾರು ಸಿಗುತ್ತಿತ್ತು. ನಿಮ್ಮ ಶಾಲೆಯಲ್ಲಿ ಇಷ್ಟು ಮಂದಿ ಆಫ್ ಟ್ರ್ಯಾಕ್ ಅಂತ. ಯಾರು, ಯಾಕೆ ಅನ್ನುವುದು ಗೊತ್ತಾಗುವ ಹೊತ್ತಿಗೆ ಆ ಮಕ್ಕಳು ಬಿಟ್ಟು ಹೋಗಿರುತ್ತಿದ್ದರು. ಹೆಣ ಕೊಯ್ದು ಕಾಯಿಲೆ ಕಂಡುಹಿಡಿದ ಹಾಗೆ.

2008ರ ಹೊತ್ತಿಗೆ ಇದು ಬದಲಾಯಿತು. ಡಿಸ್ಟ್ರಿಕ್ಟ್ ಪ್ರತಿ ಹೈಸ್ಕೂಲಿಗೂ ವರ್ಷದ ಶುರುವಿನಲ್ಲೇ ಒಂದು ಪಟ್ಟಿ ಕಳಿಸತೊಡಗಿತು. 8ನೇ ತರಗತಿಯ ಹಾಜರಿ, ಗ್ರೇಡ್ ನೋಡಿ ಯಾರ ಮೇಲೆ ಕಣ್ಣಿಡಬೇಕು ಅಂತ ಹೇಳುವ ಪಟ್ಟಿ. ಆಮೇಲೆ ವರ್ಷದ ನಡುನಡುವೆ ಇನ್ನೊಂದು ವರದಿ. ಯಾವ ಮಗು ಯಾವ ವಿಷಯದಲ್ಲಿ ಎಫ್ ಅಂಚಿನಲ್ಲಿದೆ, ಎಷ್ಟು ದಿನ ಬಂದಿಲ್ಲ, ಹೆಸರು ಸಮೇತ. ಕೆಲವು ಶಾಲೆಗಳಿಗೆ ಇದಕ್ಕೆಂದೇ ಒಬ್ಬ ಸಂಯೋಜಕರನ್ನು ಕೊಟ್ಟರು. ವಿಶ್ವವಿದ್ಯಾಲಯದ ಕಡೆಯಿಂದ 2006ರಲ್ಲಿ ಶುರುವಾದ ‘ನೆಟ್‌ವರ್ಕ್ ಫಾರ್ ಕಾಲೇಜ್ ಸಕ್ಸೆಸ್’ ಅನ್ನುವ ಗುಂಪು, ಒಂದಷ್ಟು ಶಾಲೆಗಳ ಪ್ರಿನ್ಸಿಪಾಲರನ್ನು ಒಟ್ಟಿಗೆ ಕೂರಿಸಿ ಈ ಹಾಳೆಗಳನ್ನು ಓದುವುದು ಹೇಗೆ ಅಂತ ಕಲಿಸಿತು.

ಅಂಥ ಶಾಲೆಯ ‘ಸಕ್ಸೆಸ್ ಟೀಮ್’ ಮೀಟಿಂಗು ಹೆಚ್ಚುಕಮ್ಮಿ ಹೀಗಿರುತ್ತದೆ. 9ನೇ ತರಗತಿಗೆ ಪಾಠ ಮಾಡುವ ಎಲ್ಲರೂ ಒಂದು ಮೇಜಿನ ಸುತ್ತ. ಮುಂದೆ ಪ್ರತಿ ಮಗುವಿನದೂ ಒಂದು ಸಾಲು: ನಡವಳಿಕೆ, ಹಾಜರಿ, ಗ್ರೇಡ್. ಒಂದು ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಬಿ, ಇತಿಹಾಸದಲ್ಲಿ ಬಿ, ಮೊದಲ ಪೀರಿಯಡ್ಡಿನ ಗಣಿತದಲ್ಲಿ ಎಫ್. ಗಣಿತದ ಟೀಚರ್ “ಇವನು ಸೋಮಾರಿ, ಬರೋದೇ ಲೇಟು” ಅನ್ನುತ್ತಾರೆ. ಇಂಗ್ಲಿಷ್ ಟೀಚರ್‌ಗೆ ಆಶ್ಚರ್ಯ, ಅವರ ಕ್ಲಾಸಿನಲ್ಲಿ ಅವನೇ ಮುಂದು. ಕೌನ್ಸೆಲರ್‌ಗೆ ಗೊತ್ತಿರುವುದು ಇನ್ನೊಂದು, ಬೆಳಿಗ್ಗೆ ತಂಗಿಯನ್ನು ಬೇರೆ ಶಾಲೆಗೆ ಬಿಟ್ಟು ಬರುವವನು ಇವನೇ. ಹತ್ತು ನಿಮಿಷದಲ್ಲಿ ತೀರ್ಮಾನ ಆಗುತ್ತದೆ. ಗಣಿತವನ್ನು ಮಧ್ಯಾಹ್ನದ ಪೀರಿಯಡ್ಡಿಗೆ ಬದಲಿಸಿ, ಬಾಕಿ ಅಸೈನ್‌ಮೆಂಟ್ ಮುಗಿಸಲು ಎರಡು ವಾರ ಕೊಡಿ. ಈ ಹುಡುಗ ನನ್ನ ಕಲ್ಪನೆಯವನು, ಆದರೆ ಇಂಥ ಮಾತು ನಡೆಯಲಿ ಅಂತಲೇ ಆ ಮೀಟಿಂಗುಗಳನ್ನು ಕಟ್ಟಿದ್ದು.

ಇಂಥ ಮೀಟಿಂಗಿನಲ್ಲಿ ಇನ್ನೊಂದು ವಿಷಯವೂ ಮೆಲ್ಲಗೆ ಹೊರಬರುತ್ತದೆ, ಅದನ್ನು ಯಾರೂ ಕಾರ್ಯಸೂಚಿಯಲ್ಲಿ ಬರೆದಿರುವುದಿಲ್ಲ. ಒಂದೇ ಮಕ್ಕಳು, ಒಂದೇ ಶಾಲೆ, ಆದರೂ ಒಬ್ಬ ಟೀಚರ್ ಕ್ಲಾಸಿನಲ್ಲಿ ಎಫ್‌ಗಳ ಸುರಿಮಳೆ, ಪಕ್ಕದ ಕೋಣೆಯಲ್ಲಿ ಬೆರಳೆಣಿಕೆ. ಆ ಮಾತು ಹೊರಗೆ ಬಂದಮೇಲೆ ಪ್ರಶ್ನೆ ಮಕ್ಕಳಿಂದ ಪಾಠದ ಕಡೆಗೆ ತಿರುಗುತ್ತದೆ. ಇನ್‌ಸ್ಪೆಕ್ಟರ್ ಬಂದು ಕೇಳಿದರೆ ಜಗಳವಾಗುವ ಪ್ರಶ್ನೆ ಅದು. ಸಹೋದ್ಯೋಗಿ ಕೇಳಿದರೆ ಕೆಲವೊಮ್ಮೆ ಉತ್ತರ ಸಿಗುತ್ತದೆ.

ಫಲ, ಮತ್ತು ಅದರ ಮೇಲಿನ ಅನುಮಾನ

2007ರಲ್ಲಿ ಆನ್ ಟ್ರ್ಯಾಕ್ ಪ್ರಮಾಣ ಶೇ 57 ಇತ್ತು. 2013ಕ್ಕೆ ಶೇ 82 ಆಯಿತು. ಅತಿ ಹೆಚ್ಚು ಲಾಭ ಆದವರಲ್ಲಿ ಕಪ್ಪು ಹುಡುಗರು ಸೇರಿದ್ದಾರೆ. 2005ರಲ್ಲಿ ಅವರ ಪ್ರಮಾಣ ಶೇ 43, 2013ರಲ್ಲಿ ಶೇ 71. ಹೈಸ್ಕೂಲು ಮುಗಿಸುವವರ ಪ್ರಮಾಣ, ಅಂದರೆ ಐದು ವರ್ಷದೊಳಗೆ ಡಿಪ್ಲೊಮಾ ಪಡೆದವರು, 2011ರಲ್ಲಿ ಶೇ 57ರ ಹತ್ತಿರ ಇದ್ದದ್ದು 2017ಕ್ಕೆ ಶೇ 77 ದಾಟಿತು.

ಇಷ್ಟು ಬೇಗ ಇಷ್ಟು ಏರಿಕೆ ಕಂಡರೆ ಮೊದಲು ಬರುವ ಅನುಮಾನ ಎಲ್ಲರಿಗೂ ಒಂದೇ: ಸುಮ್ಮನೆ ಎಫ್ ಬದಲು ಡಿ ಹಾಕಿರಬೇಕು. ಕನ್ಸೋರ್ಟಿಯಂ 2014ರಲ್ಲಿ ಇದನ್ನೇ ಪರೀಕ್ಷಿಸಿತು. ಬೇಗ ಸುಧಾರಿಸಿದ ಮೂರು ಶಾಲೆಗಳನ್ನು ಹಿಂಬಾಲಿಸಿ ನೋಡಿದಾಗ, ಮೂರರಲ್ಲೂ ಮುಗಿಸುವವರ ಪ್ರಮಾಣ 8ರಿಂದ 20 ಶೇಕಡಾ ಅಂಶದಷ್ಟು ಏರಿತ್ತು. ಇನ್ನೊಂದು ಪರೀಕ್ಷೆ ಇನ್ನೂ ಗಟ್ಟಿ. ಆಗ ಇಲಿನಾಯ್ ರಾಜ್ಯದಲ್ಲಿ 11ನೇ ತರಗತಿಯ ಎಲ್ಲ ಮಕ್ಕಳೂ ಎಸಿಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆ ಬರೆಯುತ್ತಿದ್ದರು. ಅದನ್ನು ತಿದ್ದುವವರು ಶಾಲೆಯವರಲ್ಲ. ಮೊದಲಾಗಿದ್ದರೆ ಬಿಟ್ಟು ಹೋಗುತ್ತಿದ್ದ ಮಕ್ಕಳೂ ಈಗ 11ಕ್ಕೆ ಬಂದು ಪರೀಕ್ಷೆ ಬರೆದರು. ಸರಾಸರಿ ಬೀಳಬೇಕಿತ್ತು, ಬೀಳಲಿಲ್ಲ.

ಆದರೂ ಪೂರ್ತಿ ಶ್ರೇಯಸ್ಸನ್ನು ಪಟ್ಟಿಗೇ ಕೊಡಲು ನಾನು ತಯಾರಿಲ್ಲ. ಪ್ರಾಥಮಿಕ ಶಾಲೆಗಳೂ ಅದೇ ಹೊತ್ತಿಗೆ ಸುಧಾರಿಸುತ್ತಿದ್ದವು. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ 2017ರಲ್ಲಿ ತೋರಿಸಿದ ಹಾಗೆ, 2009ರಿಂದ 2014ರ ನಡುವೆ ಶಿಕಾಗೊ ಮಕ್ಕಳು 3ರಿಂದ 8ನೇ ತರಗತಿಯ ಐದು ವರ್ಷಗಳಲ್ಲಿ ಸುಮಾರು ಆರು ವರ್ಷದ ಕಲಿಕೆ ಮಾಡುತ್ತಿದ್ದರು. ಅಂದರೆ ಹೈಸ್ಕೂಲಿನ ಬಾಗಿಲಿಗೆ ಬರುವ ಮಗುವೇ ಮೊದಲಿಗಿಂತ ಗಟ್ಟಿಯಾಗಿತ್ತು. ಮಕ್ಕಳನ್ನು ಸಸ್ಪೆಂಡ್ ಮಾಡಿ ಮನೆಗೆ ಕಳಿಸುವುದೂ ಕಡಿಮೆಯಾಯಿತು.

ಪಾಠದ ಗುಣಮಟ್ಟ: ಇನ್ನೊಂದು ದಾರಿ

ಇದೇ ವರ್ಷಗಳಲ್ಲಿ ಡಿಸ್ಟ್ರಿಕ್ಟ್ ಟೀಚರ್‌ಗಳ ಗುಣಮಟ್ಟ ಏರಿಸಲು ಬೇರೊಂದು ದಾರಿ ಹಿಡಿದಿತ್ತು, ಅದು ಮೌಲ್ಯಮಾಪನ. ಹಳೆಯ ಪದ್ಧತಿ ನಗೆಪಾಟಲಿನದ್ದು. ಪ್ರಿನ್ಸಿಪಾಲರು ಒಂದು ಪಟ್ಟಿ ಹಿಡಿದು ಬಂದು ಟಿಕ್ ಹಾಕಿ ಹೋಗುತ್ತಿದ್ದರು. ಶೇ 93ರಷ್ಟು ಟೀಚರ್‌ಗಳಿಗೆ ‘ಶ್ರೇಷ್ಠ’ ಇಲ್ಲವೇ ‘ಉತ್ತಮ’ ಸಿಗುತ್ತಿತ್ತು. ಅದೇ ಹೊತ್ತಿಗೆ ಮೂರರಲ್ಲಿ ಎರಡು ಶಾಲೆ ರಾಜ್ಯ ಇಟ್ಟ ಮಟ್ಟ ಮುಟ್ಟಿರಲಿಲ್ಲ.

2008–09ರಲ್ಲಿ 44 ಪ್ರಾಥಮಿಕ ಶಾಲೆಗಳಲ್ಲಿ ಹೊಸದೊಂದು ಪ್ರಯೋಗ ನಡೆಯಿತು. ಪಾಠದ ಗುಣಮಟ್ಟ ಅಳೆಯಲು ಷಾರ್ಲಟ್ ಡೇನಿಯಲ್ಸನ್ ರೂಪಿಸಿದ ಚೌಕಟ್ಟು ಅದರ ಆಧಾರ. ಪ್ರಿನ್ಸಿಪಾಲರು ಮೊದಲು ಟೀಚರ್ ಜೊತೆ ಮಾತಾಡಬೇಕು, ಕ್ಲಾಸಿನಲ್ಲಿ ಕೂತು ಕಂಡದ್ದನ್ನು ಬರೆದುಕೊಳ್ಳಬೇಕು, ಆಮೇಲೆ ಮತ್ತೆ ಕೂತು ಚರ್ಚಿಸಬೇಕು. ಯಾವ ಶಾಲೆ ಮೊದಲು ಸೇರಬೇಕು ಅನ್ನುವುದನ್ನು ಚೀಟಿ ಎತ್ತಿದ ರೀತಿಯಲ್ಲಿ ಆರಿಸಿದ್ದರಿಂದ ಫಲಿತಾಂಶವನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ಮೊದಲ ವರ್ಷ ಸೇರಿದ ಶಾಲೆಗಳಲ್ಲಿ ಮಕ್ಕಳ ಓದು ಸುಧಾರಿಸಿತ್ತು. ಮುಂದಿನ ವರ್ಷ ಇನ್ನಷ್ಟು ಶಾಲೆಗಳು ಸೇರಿದವು, ಅಲ್ಲಿ ಅಂಥ ಫಲ ಕಾಣಲಿಲ್ಲ. ವ್ಯತ್ಯಾಸ? ಮೊದಲ ಗುಂಪಿನ ಪ್ರಿನ್ಸಿಪಾಲರಿಗೆ ಸಿಕ್ಕಷ್ಟು ತರಬೇತಿ, ಬೆಂಬಲ ಎರಡನೇ ಗುಂಪಿಗೆ ಸಿಗಲಿಲ್ಲ. ಫಾರಂ ಅದೇ, ಅದರ ಹಿಂದಿನ ತಯಾರಿ ಇರಲಿಲ್ಲ. ಬಡತನ ಜಾಸ್ತಿ ಇದ್ದ ಶಾಲೆಗಳಿಗೆ ಲಾಭವೂ ಕಡಿಮೆ ದಕ್ಕಿತು.

ಸಂಶೋಧಕರು ಆ ಚರ್ಚೆಗಳನ್ನೂ ಕೂತು ಕೇಳಿದ್ದರು. ಹೆಚ್ಚು ಮಾತಾಡುತ್ತಿದ್ದದ್ದು ಪ್ರಿನ್ಸಿಪಾಲರೇ. ಟೀಚರನ್ನು ಯೋಚನೆಗೆ ಹಚ್ಚುವಂಥ ಪ್ರಶ್ನೆಗಳು ಅಪರೂಪ. ಚೆನ್ನಾಗಿ ಪಾಠ ಮಾಡಿದ ಮಾತ್ರಕ್ಕೆ ಇನ್ನೊಬ್ಬರಿಗೆ ಪಾಠ ಮಾಡುವುದನ್ನು ಕಲಿಸಲು ಬರುತ್ತದೆ ಅಂತಿಲ್ಲವಲ್ಲ.

ಅಷ್ಟರಲ್ಲಿ 2010ರಲ್ಲಿ ರಾಜ್ಯ ಕಾನೂನು ತಂದಿತು. ಟೀಚರ್ ಮೌಲ್ಯಮಾಪನದಲ್ಲಿ ಮಕ್ಕಳ ಕಲಿಕೆಯ ಬೆಳವಣಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ. ಇಲ್ಲಿಗೆ ಮಾತು ಕೆಟ್ಟಿತು. 2012ರ ಸೆಪ್ಟೆಂಬರಿನಲ್ಲಿ ಕ್ಯಾರನ್ ಲೂಯಿಸ್ ಮುಂದಾಳತ್ವದಲ್ಲಿ ಟೀಚರ್‌ಗಳ ಸಂಘ ಮುಷ್ಕರ ಹೂಡಿತು. 25 ವರ್ಷದಲ್ಲಿ ಮೊದಲನೆಯದು. ಏಳು ಶಾಲಾ ದಿನ ಶಾಲೆಗಳು ನಿಂತವು. ಸಂಬಳ, ಶಾಲೆಯ ಅವಧಿ, ಕೆಲಸದ ಭದ್ರತೆ ಎಲ್ಲ ಇತ್ತು, ಆದರೆ ಮಕ್ಕಳ ಪರೀಕ್ಷೆಯ ಅಂಕಕ್ಕೆ ಟೀಚರ್ ಗ್ರೇಡನ್ನು ಎಷ್ಟು ಕಟ್ಟಬೇಕು ಅನ್ನುವುದು ಮುಖ್ಯ ಗಂಟಾಗಿತ್ತು. ಕೊನೆಗೆ ಕಾನೂನು ಹೇಳುವ ಕನಿಷ್ಠ ಮಟ್ಟಕ್ಕೆ ಒಪ್ಪಂದವಾಯಿತು. ಹೊಸ ಪದ್ಧತಿ ಅದೇ ಶಾಲಾ ವರ್ಷದಲ್ಲಿ ಜಾರಿಗೆ ಬಂತು. ಆಮೇಲಿನ ಸಮೀಕ್ಷೆಗಳಲ್ಲಿ ಟೀಚರ್‌ಗಳು ಕ್ಲಾಸ್ ವೀಕ್ಷಣೆ ಮತ್ತು ಅದರ ನಂತರದ ಚರ್ಚೆಯ ಬಗ್ಗೆ ಒಳ್ಳೆಯದನ್ನೇ ಹೇಳಿದರು. ಅಂಕದ ಭಾಗದ ಬಗ್ಗೆ ಅಷ್ಟು ಖುಷಿ ಇರಲಿಲ್ಲ.

2016ರ ಅಧ್ಯಯನವೊಂದು ಇನ್ನೊಂದು ತೊಡಕನ್ನು ತೋರಿಸಿತು. ಕಡಿಮೆ ಅಂಕ ಪಡೆದ ಟೀಚರ್‌ಗಳು ಹೆಚ್ಚಾಗಿ ಕಡುಬಡ ಶಾಲೆಗಳಲ್ಲೇ ಇದ್ದರು. ದುರ್ಬಲ ಟೀಚರ್‌ಗಳು ಅಲ್ಲಿಗೆ ಹೋಗಿ ಸೇರುತ್ತಾರೋ, ಅಥವಾ ಅಂಥ ಕ್ಲಾಸಿನಲ್ಲಿ ಯಾರೇ ನಿಂತರೂ ವೀಕ್ಷಕರ ಕಣ್ಣಿಗೆ ಕಡಿಮೆ ಕಾಣುತ್ತಾರೋ? ಎರಡೂ ಇರಬಹುದು. ಎರಡನೆಯದು ನಿಜವಾದರೆ, ಕಷ್ಟದ ಶಾಲೆಗೆ ಹೋಗುವ ಒಳ್ಳೆಯ ಟೀಚರಿಗೆ ನಾವೇ ದಂಡ ಹಾಕಿದ ಹಾಗಾಯಿತು.

ಅಂಕಿ ಕೆಟ್ಟ ಬಗೆ

2015ರ ಜೂನ್‌ನಲ್ಲಿ ಡಬ್ಲ್ಯೂಬಿಇಝಡ್ ಅನ್ನುವ ಸ್ಥಳೀಯ ರೇಡಿಯೊ ಕೇಂದ್ರ ಮತ್ತು ಬೆಟರ್ ಗವರ್ನಮೆಂಟ್ ಅಸೋಸಿಯೇಷನ್ ಅನ್ನುವ, ಸರ್ಕಾರದ ಮೇಲೆ ಕಣ್ಣಿಡುವ ಸಂಸ್ಥೆ ಸೇರಿ ಒಂದು ತನಿಖೆ ಹೊರಹಾಕಿದವು. 25 ಹೈಸ್ಕೂಲುಗಳಲ್ಲಿ 2011ರಿಂದ 2014ರವರೆಗೆ ಕನಿಷ್ಠ 2,200 ಮಕ್ಕಳನ್ನು ‘ಬೇರೆ ಕಡೆ ವರ್ಗಾವಣೆ’ ಅಂತ ದಾಖಲಿಸಿದ್ದರು. ಊರು ಬಿಟ್ಟಿದ್ದಾರೆ, ಮನೆಯಲ್ಲೇ ಓದುತ್ತಾರೆ ಅಂತೆಲ್ಲ ಬರೆದಿತ್ತು. ನಿಜದಲ್ಲಿ ಅವರು ಶಾಲೆ ಬಿಟ್ಟವರು. ವರ್ಗವಾದ ಮಗು ಲೆಕ್ಕದ ಛೇದದಿಂದಲೇ ಹೊರಗೆ ಹೋಗುತ್ತದೆ, ಬಿಟ್ಟ ಮಗು ಒಳಗೇ ಉಳಿಯುತ್ತದೆ. ಆದ್ದರಿಂದ ಒಂದು ಸಂಕೇತ ಬದಲಿಸಿದರೆ ಸಾಕು, ಪಾಠ ಮಾಡದೆ ಶೇಕಡಾವಾರು ಏರುತ್ತದೆ. ಅದೇ ಶರತ್ಕಾಲದಲ್ಲಿ ಡಿಸ್ಟ್ರಿಕ್ಟ್ ತನ್ನ ಅಂಕಿಗಳನ್ನು ಕೆಳಗಿಳಿಸಿ ಪ್ರಕಟಿಸಿತು. 2014ರದ್ದು ಶೇ 69.4 ಅಂತ ಹೇಳಿದ್ದನ್ನು ಶೇ 66.3 ಮಾಡಿತು.

ಇಳಿಸಿದ ಮೇಲೂ ಏರಿಕೆಯ ಗೆರೆ ಹಾಗೇ ಉಳಿಯಿತು. ಕನ್ಸೋರ್ಟಿಯಂ ಹಲವು ರೀತಿಯಲ್ಲಿ ಲೆಕ್ಕ ಹಾಕಿ ನೋಡಿತು, ಯಾವ ರೀತಿಯಲ್ಲಿ ಹಾಕಿದರೂ ಸುಧಾರಣೆ ಕಂಡಿತು. ಇದನ್ನು ಹೇಳದೆ ಬರೀ ಹಗರಣ ಹೇಳಿದರೆ ಅನ್ಯಾಯ. ಹಾಗಂತ ಹಗರಣ ಸಣ್ಣದೂ ಅಲ್ಲ. ಮುಗಿಸಿದವರ ಪ್ರಮಾಣವನ್ನು ಮೇಯರ್ ಚುನಾವಣೆಯಲ್ಲಿ ಹೇಳಿಕೊಂಡಾಗ, ಶಾಲೆ ಉಳಿಯುತ್ತದೋ ಮುಚ್ಚುತ್ತದೋ ಅನ್ನುವುದು ಇಂಥ ಅಂಕಿಗಳಿಗೇ ತಳಕು ಹಾಕಿಕೊಂಡಾಗ, ಎಲ್ಲೋ ಒಂದು ಕಚೇರಿಯಲ್ಲಿ ಯಾರೋ ಸಂಕೇತ ಬದಲಿಸುತ್ತಾರೆ. 2013ರಲ್ಲಷ್ಟೇ ಸುಮಾರು 50 ಶಾಲೆಗಳನ್ನು ಮುಚ್ಚಲು ಡಿಸ್ಟ್ರಿಕ್ಟಿನ ಆಡಳಿತ ಮಂಡಳಿ ಮತ ಹಾಕಿತ್ತು. ಅವು ಹೆಚ್ಚಾಗಿ ಪ್ರಾಥಮಿಕ ಶಾಲೆಗಳು, ಕಾರಣ ಮಕ್ಕಳ ಸಂಖ್ಯೆ ಅಂತ ಹೇಳಿದ್ದರು. ಆದರೆ ಹೆದರಿಕೆ ಎಲ್ಲ ಕಡೆ ಹಬ್ಬಿತ್ತು.

ಇದೇ 2015ರಲ್ಲಿ ಡಿಸ್ಟ್ರಿಕ್ಟ್ ಮುಖ್ಯಸ್ಥೆ ಬಾರ್ಬರಾ ಬರ್ಡ್-ಬೆನೆಟ್ ಕೆಳಗಿಳಿದರು. ಗುತ್ತಿಗೆಗೆ ಕಿಕ್‌ಬ್ಯಾಕ್ ಪಡೆಯುವ ಒಳಸಂಚಿನಲ್ಲಿ ತಪ್ಪೊಪ್ಪಿಕೊಂಡು 2017ರಲ್ಲಿ ನಾಲ್ಕೂವರೆ ವರ್ಷದ ಜೈಲುಶಿಕ್ಷೆ ಪಡೆದರು. ಆ ಗುತ್ತಿಗೆ ಯಾವುದಕ್ಕೆ ಗೊತ್ತಾ? ಪ್ರಿನ್ಸಿಪಾಲರ ತರಬೇತಿಗೆ. ಮೇಲಿನ ಪ್ರಯೋಗ ಸೋತದ್ದು ಯಾವುದರ ಕೊರತೆಯಿಂದ ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗಿನ ಗೋಜಲು

2019ರ ಅಕ್ಟೋಬರಿನಲ್ಲಿ ಮತ್ತೆ ಮುಷ್ಕರ, ಈ ಸಲ 11 ಶಾಲಾ ದಿನ. ಬೇಡಿಕೆಯ ಧಾಟಿ ಬದಲಾಗಿತ್ತು. ಪ್ರತಿ ಶಾಲೆಗೂ ಒಬ್ಬ ನರ್ಸ್, ಒಬ್ಬ ಸಮಾಜ ಕಾರ್ಯಕರ್ತರು ಬೇಕು, ಕ್ಲಾಸಿನಲ್ಲಿ ಮಕ್ಕಳ ಸಂಖ್ಯೆಗೆ ಮಿತಿ ಬೇಕು ಅಂತ. ಒಪ್ಪಂದದಲ್ಲಿ ನರ್ಸ್, ಸಮಾಜ ಕಾರ್ಯಕರ್ತರು ಸಿಕ್ಕರು, ಹಂತ ಹಂತವಾಗಿ. ಸಕ್ಸೆಸ್ ಟೀಮಿನ ಮೇಜಿನ ಸುತ್ತ ಕೂತವರಿಗೆ ಇದು ಯಾಕೆ ಬೇಕಿತ್ತು ಅಂತ ವಿವರಿಸಬೇಕಾಗಿಲ್ಲ. ಹುಡುಗಿ ಶಾಲೆಗೆ ಯಾಕೆ ಬರುತ್ತಿಲ್ಲ ಅಂತ ಗೊತ್ತಾದ ಮೇಲೆ, ಅವಳ ಮನೆಗೆ ಹೋಗಿ ಮಾತಾಡಲು ಯಾರಾದರೂ ಇರಬೇಕಲ್ಲ.

ಕೋವಿಡ್ ಬಂದ ಮೇಲೆ ಲೆಕ್ಕವೇ ವಿಚಿತ್ರವಾಗಿದೆ. ಹಾಜರಿ ಕುಸಿದಿದೆ. 2022–23ರಲ್ಲಿ ಸುಮಾರು ಶೇ 40ರಷ್ಟು ಮಕ್ಕಳು ಶಾಲಾ ದಿನಗಳಲ್ಲಿ ಹತ್ತರಲ್ಲಿ ಒಂದೋ ಅದಕ್ಕಿಂತ ಹೆಚ್ಚೋ ತಪ್ಪಿಸಿದ್ದರು. 2007ರ ವರದಿಯ ಪ್ರಕಾರ ಇದರ ಜೊತೆಗೇ ಫೇಲಾಗುವವರೂ, ಬಿಟ್ಟು ಹೋಗುವವರೂ ಏರಬೇಕಿತ್ತು. ಆದರೆ 2023ರಲ್ಲಿ ಮುಗಿಸಿದವರ ಪ್ರಮಾಣ ಶೇ 84. ಅದೇ ಹೊತ್ತಿಗೆ 11ನೇ ತರಗತಿಯ ಎಸ್‌ಎಟಿ (ಎಸಿಟಿ ಥರದ್ದೇ ಇನ್ನೊಂದು) ಪರೀಕ್ಷೆಯ ಓದು ವಿಭಾಗದಲ್ಲಿ ರಾಜ್ಯದ ಮಟ್ಟ ಮುಟ್ಟಿದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಗ್ರೇಡ್ ಕೊಡುವ ಕೈ ಸಡಿಲವಾಗಿದೆಯೋ, ಬರದ ದಿನದ ಕೆಲಸವನ್ನು ಮಕ್ಕಳು ಕಂಪ್ಯೂಟರಿನಲ್ಲೇ ಮುಗಿಸುತ್ತಿದ್ದಾರೋ, ಎರಡೂ ಸೇರಿದೆಯೋ ಬಿಡಿಸಿ ಹೇಳುವುದು ಕಷ್ಟ. ನನಗಂತೂ ಮೊದಲನೆಯದರ ಮೇಲೆ ಗುಮಾನಿ ಜಾಸ್ತಿ.

ಕನ್ಸೋರ್ಟಿಯಂ ಮೊದಲಿಂದಲೂ ಹೇಳುತ್ತಿರುವ ಇನ್ನೊಂದು ಮಾತು ಇದೆ, ಅದಕ್ಕೆ ಸಿಕ್ಕ ಗಮನ ಕಡಿಮೆ. 2006ರಲ್ಲಿ ಅವರು ಲೆಕ್ಕ ಹಾಕಿದಾಗ, ಹೈಸ್ಕೂಲು ಸೇರುವ ನೂರು ಶಿಕಾಗೊ ಮಕ್ಕಳಲ್ಲಿ ಇಪ್ಪತ್ತೈದು ವಯಸ್ಸಿನ ಆಸುಪಾಸಿಗೆ ಕಾಲೇಜು ಪದವಿ ಪಡೆಯುವವರು ಹತ್ತು ಮಂದಿಯೂ ಇರಲಿಲ್ಲ. ಕಾಲೇಜು ಮುಗಿಸುವವರು ಯಾರು ಅಂತ ನೋಡಿದರೆ, ಹೈಸ್ಕೂಲಿನಲ್ಲಿ ಬಿ ಮತ್ತು ಮೇಲೆ ಇದ್ದವರು. ಡಿ ಹಿಡಿದು ಪಾಸಾದವರಲ್ಲಿ ಬಹಳ ಕಡಿಮೆ. ಎಫ್ ತಪ್ಪಿಸುವುದಕ್ಕೆ ಹಾಜರಿ, ಬಾಕಿ ಹಾಳೆ, ಪೀರಿಯಡ್ ಬದಲಾವಣೆ ಇಷ್ಟರಲ್ಲೇ ಕೆಲಸ ಮುಗಿಯಬಹುದು. ಸಿ ಇದ್ದವನನ್ನು ಬಿಗೆ ತರುವುದಕ್ಕೆ ಅದು ಸಾಲದು, ಅಲ್ಲಿ ಕ್ಲಾಸಿನೊಳಗಿನ ಪಾಠವೇ ಗಟ್ಟಿಯಾಗಬೇಕು. ಅದಕ್ಕೆ ಪ್ರಿನ್ಸಿಪಾಲರು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ಆಮೇಲೆ ಟೀಚರ್ ಜೊತೆ ಕೂತಾಗ ತಾವು ಕಡಿಮೆ ಮಾತಾಡಬೇಕು. ಆ ತರಬೇತಿಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ಡಿಸ್ಟ್ರಿಕ್ಟಿನ ಬಜೆಟ್ ಸಭೆಗಳಲ್ಲಿ ಇನ್ನೂ ತೀರ್ಮಾನವಾಗಿಲ್ಲ.